ಅಮೆರಿಕದ ಹೈಸ್ಕೂಲಿನಲ್ಲಿ ಸೋಶಿಯಲ್: ನಾಲ್ಕು ವರ್ಷದ ಲೆಕ್ಕ ಹಾಕೋದು ಹೇಗೆ

ಹೋದ ಆಗಸ್ಟಿನಲ್ಲಿ ಒಂದು ಸಂಜೆ ಗೆಳತಿಯೊಬ್ಬಳು ಫೋನ್ ಮಾಡಿದಳು. ಬೆಂಗಳೂರಿನಿಂದ ಕ್ಯಾಲಿಫೋರ್ನಿಯಾದ ಬೇ ಏರಿಯಾಕ್ಕೆ ಬಂದು ಮೂರು ವಾರ ಆಗಿತ್ತು. ಮಗ ಅಲ್ಲಿ ಸಿಬಿಎಸ್‌ಇ ಹತ್ತನೇ ಕ್ಲಾಸ್ ಮುಗಿಸಿದ್ದ, ಇಲ್ಲಿ ಹನ್ನೊಂದಕ್ಕೆ ಸೇರಿಸಿಕೊಂಡಿದ್ದರು. "ಅಕ್ಕಾ, ಮ್ಯಾತ್ಸು, ಫಿಸಿಕ್ಸು ಎಲ್ಲಾ ಸಿಕ್ಕಿದೆ. ಆದ್ರೆ ಕೋರ್ಸ್ ಆರಿಸೋಕೆ ಸಹಾಯ ಮಾಡೋ ಕೌನ್ಸೆಲರ್ ಯಾಕೋ ಹಿಸ್ಟರಿ ಹಿಸ್ಟರಿ ಅಂತಾನೇ ಇದ್ದಾರೆ. ಇವನು ಸೈನ್ಸ್ ಹುಡುಗ ಅಲ್ವಾ? ಸೋಶಿಯಲ್ ಹತ್ತನೇ ಕ್ಲಾಸಿಗೇ ಮುಗೀತಲ್ವಾ?"

ಮುಗಿದಿಲ್ಲ. ಇಲ್ಲಿ ಅದು ಹನ್ನೆರಡನೇ ಕ್ಲಾಸಿನ ಕೊನೆಯವರೆಗೂ ಇರುತ್ತದೆ. ಕ್ಯಾಲ್ಕುಲಸ್‌ನಲ್ಲಿ ಎ ತಗೊಂಡ ಹುಡುಗನಿಗೂ, ಗವರ್ನಮೆಂಟ್ ಅನ್ನುವ ಅರ್ಧ ವರ್ಷದ ಕೋರ್ಸ್ ಒಂದು ಬಾಕಿ ಉಳಿದರೆ ಡಿಪ್ಲೊಮಾ, ಅಂದರೆ ಹೈಸ್ಕೂಲ್ ಪಾಸಾದ ಸರ್ಟಿಫಿಕೇಟ್, ಸಿಗುವುದಿಲ್ಲ. ಅವಳಿಗೆ ಅವತ್ತು ಒಂದೂವರೆ ಗಂಟೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನನ್ನ ಇಬ್ಬರು ಮಕ್ಕಳ ಹೈಸ್ಕೂಲ್ ಮುಗಿಯುವಷ್ಟರಲ್ಲಿ ಇದನ್ನೆಲ್ಲ ನಾನು ಒಂದೊಂದಾಗಿ, ಕೆಲವನ್ನು ತಡವಾಗಿ, ಕಲಿತೆ. ಹೊಸದಾಗಿ ಬಂದವರಿಗೆ ಮೊದಲೇ ಗೊತ್ತಿದ್ದರೆ ಮಗುವಿನ ಮೇಲೆ ಬೀಳುವ ಒತ್ತಡ ಎಷ್ಟೋ ಕಡಿಮೆ ಆಗುತ್ತದೆ.

ನಮಗೆ ಗೊಂದಲ ಆಗುವುದು ಸಹಜ. ನಾವು ಓದಿದ ಎಸ್‌ಎಸ್‌ಎಲ್‌ಸಿಯಲ್ಲಿ ಸಮಾಜ ವಿಜ್ಞಾನ ಅಂದರೆ ಒಂದೇ ಪೇಪರ್. ಇತಿಹಾಸ, ಪೌರನೀತಿ, ಭೂಗೋಳ, ಅರ್ಥಶಾಸ್ತ್ರ ಎಲ್ಲ ಅದರೊಳಗೇ. ಪಿಯುಸಿಗೆ ಬಂದು ಪಿಸಿಎಂಬಿ ತಗೊಂಡರೆ ಅಲ್ಲಿಗೆ ಸಮಾಜದ ಪುಸ್ತಕ ರದ್ದಿಗೆ ಹೋಯಿತು. ಇಲ್ಲಿ ಸೈನ್ಸ್, ಕಾಮರ್ಸ್, ಆರ್ಟ್ಸ್ ಅಂತ ವಿಭಾಗವೇ ಇಲ್ಲ. ಹೈಸ್ಕೂಲ್ ಅಂದರೆ ಒಂಬತ್ತರಿಂದ ಹನ್ನೆರಡು, ನಾಲ್ಕು ವರ್ಷ. ಒಂದೇ ಪೇಪರಿನಲ್ಲಿ ನಾವು ಓದಿದ ಭಾಗಗಳು ಇಲ್ಲಿ ಬೇರೆ ಬೇರೆ ಕೋರ್ಸ್‌ಗಳು. ಒಂದೊಂದಕ್ಕೂ ಬೇರೆ ಟೀಚರ್, ಬೇರೆ ಗ್ರೇಡ್. ಟ್ರಾನ್ಸ್‌ಕ್ರಿಪ್ಟಿನಲ್ಲಿ, ಅಂದರೆ ಎಲ್ಲ ಗ್ರೇಡುಗಳ ಪಟ್ಟಿಯಲ್ಲಿ, ಒಂದೊಂದಕ್ಕೂ ಬೇರೆ ಸಾಲು. ಕೊನೆಯಲ್ಲಿ ಒಂದು ದೊಡ್ಡ ಪರೀಕ್ಷೆ ಬರೆದು ಪಾಸಾಗುವ ಪದ್ಧತಿಯೂ ಅಲ್ಲ. ಸೆಮಿಸ್ಟರ್‌ಗೆ ಇಷ್ಟು ಅಂತ ಕ್ರೆಡಿಟ್ ಕೂಡಿಸುತ್ತಾ ಹೋಗಬೇಕು. ಚೀಟಿ ಕಟ್ಟಿದ ಹಾಗೆ, ಒಂದು ಕಂತು ತಪ್ಪಿದರೂ ಅದನ್ನು ಎಲ್ಲೋ ಒಂದು ಕಡೆ ತುಂಬಲೇಬೇಕು.

ಇದರಲ್ಲಿ ಮೊದಲು ತಿಳಿಯಬೇಕಾದ್ದು: ಅಮೆರಿಕಕ್ಕೆಲ್ಲ ಒಂದೇ ಅನ್ನುವ ಪಠ್ಯಕ್ರಮ ಇಲ್ಲ. ಶಿಕ್ಷಣ ಇಲ್ಲಿ ರಾಜ್ಯಗಳ ಕೈಯಲ್ಲಿದೆ. ರಾಜ್ಯ ಕನಿಷ್ಠ ಇಷ್ಟು ಇರಲೇಬೇಕು ಅನ್ನುತ್ತದೆ. ಅದರ ಮೇಲೆ ನಿಮ್ಮ ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಕೂಲ್ ಡಿಸ್ಟ್ರಿಕ್ಟ್ ತನ್ನದೂ ಸ್ವಲ್ಪ ಸೇರಿಸಬಹುದು. ಇವೆರಡೂ ಡಿಪ್ಲೊಮಾಗೆ. ಮುಂದೆ ಹೋಗಬೇಕೆಂದಿರುವ ಕಾಲೇಜು ತಾನೇ ಬೇರೆ ಒಂದು ಪಟ್ಟಿ ಇಟ್ಟುಕೊಂಡಿರುತ್ತದೆ. ಅಂದರೆ ಒಂದೇ ವಿಷಯಕ್ಕೆ ಮೂರು ಜರಡಿ. ಒಂದರಲ್ಲಿ ದಾಟಿದ್ದು ಇನ್ನೊಂದರಲ್ಲಿ ನಿಲ್ಲಬಹುದು. ತಂದೆ ತಾಯಿ ಎಡವುವುದು ಜಾಸ್ತಿ ಇಲ್ಲೇ. ಸ್ಕೂಲಿನವರು "ಆನ್ ಟ್ರ್ಯಾಕ್" ಅಂದರು ಅಂತ ಸುಮ್ಮನಾಗುತ್ತೇವೆ, ಅವರು ಹೇಳಿದ್ದು ಡಿಪ್ಲೊಮಾ ಲೆಕ್ಕ ಮಾತ್ರ ಅಂತ ಗೊತ್ತಾಗುವಾಗ ಹನ್ನೆರಡನೇ ಕ್ಲಾಸು ಬಂದಿರುತ್ತದೆ.

ನನಗೆ ಚೆನ್ನಾಗಿ ಗೊತ್ತಿರುವುದು ಕ್ಯಾಲಿಫೋರ್ನಿಯಾ. ಅದನ್ನೇ ಬಿಡಿಸಿ ಹೇಳುತ್ತೇನೆ, ಬೇರೆ ರಾಜ್ಯದವರಿಗೂ ಇದರಿಂದ ದಾರಿ ಸಿಗುತ್ತದೆ.

ಇಲ್ಲಿ ರಾಜ್ಯದ ಕಾನೂನು ಕೇಳುವುದು ಸೋಶಿಯಲ್‌ನ 3 ವರ್ಷ. ಒಂದು ವರ್ಷ ವರ್ಲ್ಡ್ ಹಿಸ್ಟರಿ, ಒಂದು ವರ್ಷ ಯುಎಸ್ ಹಿಸ್ಟರಿ, ಒಂದು ಸೆಮಿಸ್ಟರ್ ಅಮೆರಿಕನ್ ಗವರ್ನಮೆಂಟ್, ಇನ್ನೊಂದು ಸೆಮಿಸ್ಟರ್ ಎಕನಾಮಿಕ್ಸ್. ಸಾಮಾನ್ಯವಾಗಿ ಹತ್ತರಲ್ಲಿ ವರ್ಲ್ಡ್, ಹನ್ನೊಂದರಲ್ಲಿ ಯುಎಸ್, ಹನ್ನೆರಡರಲ್ಲಿ ಗವರ್ನಮೆಂಟ್ ಮತ್ತು ಎಕನಾಮಿಕ್ಸ್, ಒಂದಾದ ಮೇಲೆ ಒಂದು. ಒಂಬತ್ತನೇ ಕ್ಲಾಸು ಮಾತ್ರ ಡಿಸ್ಟ್ರಿಕ್ಟಿಂದ ಡಿಸ್ಟ್ರಿಕ್ಟಿಗೆ ಬೇರೆ. ಕೆಲವು ಕಡೆ ಜಿಯಾಗ್ರಫಿ, ಕೆಲವು ಕಡೆ ಅಮೆರಿಕದ ಬೇರೆ ಬೇರೆ ಜನಾಂಗಗಳ ಕಥೆ ಓದಿಸುವ ಎಥ್ನಿಕ್ ಸ್ಟಡೀಸ್, ಕೆಲವು ಕಡೆ ಏನೂ ಇಲ್ಲ. ಇಲ್ಲಿನ ಹೆಚ್ಚಿನ ಶಾಲೆಗಳಲ್ಲಿ ಒಂದು ಸೆಮಿಸ್ಟರ್ ಕೋರ್ಸಿಗೆ 5 ಕ್ರೆಡಿಟ್, ಪೂರ್ತಿ ವರ್ಷಕ್ಕೆ 10. ಹಾಗಾಗಿ ಸೋಶಿಯಲ್‌ಗೆ ಕನಿಷ್ಠ 30.

ಮೇಲಿನ ಎಥ್ನಿಕ್ ಸ್ಟಡೀಸ್ ಬಗ್ಗೆ ವಾಟ್ಸಾಪ್ ಗುಂಪುಗಳಲ್ಲಿ ತುಂಬಾ ಗಲಿಬಿಲಿ ಇದೆ, ಆದ್ದರಿಂದ ಸ್ವಲ್ಪ ನಿಂತು ಹೇಳುತ್ತೇನೆ. 2021ರಲ್ಲಿ ಬಂದ ಕಾನೂನಿನ ಪ್ರಕಾರ 2029-30ರಲ್ಲಿ ಹೈಸ್ಕೂಲ್ ಮುಗಿಸುವ ಮಕ್ಕಳಿಂದ ಶುರುವಾಗಿ ಒಂದು ಸೆಮಿಸ್ಟರ್ ಎಥ್ನಿಕ್ ಸ್ಟಡೀಸ್ ಕಡ್ಡಾಯ. ಆದರೆ ರಾಜ್ಯ ಇದಕ್ಕೆ ಹಣ ಕೊಟ್ಟರೆ ಮಾತ್ರ ಜಾರಿ ಅಂತ ಅದೇ ಕಾನೂನಿನಲ್ಲಿದೆ. 2025-26ರ ಬಜೆಟ್ಟಿನಲ್ಲಿ ಆ ಹಣ ಇಟ್ಟಿರಲಿಲ್ಲ. ಹಾಗಂತ ನಿಮ್ಮ ಮಗುವಿಗೆ ಬೇಕಿಲ್ಲ ಅಂತಲ್ಲ. ಎಷ್ಟೋ ಡಿಸ್ಟ್ರಿಕ್ಟ್‌ಗಳು ತಾವಾಗಿಯೇ ಇದನ್ನು ಕಡ್ಡಾಯ ಮಾಡಿಕೊಂಡಿವೆ. ಪಕ್ಕದ ಊರಿನ ಗೆಳತಿ ಹೇಳಿದ್ದು ಅವರ ಡಿಸ್ಟ್ರಿಕ್ಟಿಗೆ ನಿಜ, ನಿಮ್ಮದಕ್ಕೆ ಸುಳ್ಳಾಗಿರಬಹುದು. ನಿಮ್ಮ ಶಾಲೆಯ ಕೋರ್ಸ್ ಕ್ಯಾಟಲಾಗ್ ತೆಗೆದು ಮಗು ಪಾಸಾಗುವ ವರ್ಷದ ಎದುರು ಏನಿದೆ ಅಂತ ನೋಡಿ. ಸೇರುವ ವರ್ಷ ಅಲ್ಲ, ಪಾಸಾಗಿ ಹೊರಗೆ ಹೋಗುವ ವರ್ಷ. ಇಲ್ಲಿ ನಿಯಮಗಳೆಲ್ಲ ಆ ವರ್ಷದ ಹೆಸರಿನಲ್ಲೇ ಇರುತ್ತವೆ.

ಇನ್ನೊಂದು ಹೊಸದು ಪರ್ಸನಲ್ ಫೈನಾನ್ಸ್. 2024ರಲ್ಲಿ ಕಾನೂನಾಯಿತು. 2030-31ರಲ್ಲಿ ಮುಗಿಸುವ ಮಕ್ಕಳಿಂದ ಒಂದು ಸೆಮಿಸ್ಟರ್ ಕಡ್ಡಾಯ. ಡಿಸ್ಟ್ರಿಕ್ಟ್ ಒಪ್ಪಿದರೆ ಇದನ್ನು ಮಾಡಿದವರು ಎಕನಾಮಿಕ್ಸ್ ಬಿಡಬಹುದು ಅನ್ನುವ ಅವಕಾಶವೂ ಅದರಲ್ಲಿದೆ. ನನ್ನ ಅಭಿಪ್ರಾಯ ಕೇಳಿದರೆ, ಜಾಗ ಇದ್ದರೆ ಎರಡೂ ಮಾಡಲಿ. ಕ್ರೆಡಿಟ್ ಕಾರ್ಡಿನ ಬಡ್ಡಿ ಹೇಗೆ ಬೆಳೆಯುತ್ತದೆ ಅಂತ ಗೊತ್ತಾಗಬೇಕು. ಬಡ್ಡಿ ದರವನ್ನು ಯಾರು ಯಾಕೆ ಏರಿಸುತ್ತಾರೆ ಅಂತಲೂ ಗೊತ್ತಾಗಬೇಕು.

ಈಗ ಮೂರನೇ ಜರಡಿ, ಕಾಲೇಜಿನದು. ಯುನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಅಂದರೆ ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೋ ಎಲ್ಲ ಸೇರಿರುವ ಯುಸಿ, ಒಂದು ಪಟ್ಟಿ ಇಟ್ಟಿದೆ. ಅದಕ್ಕೆ ಎ-ಜಿ ಅಂತಾರೆ. ಎ ಇಂದ ಜಿ ವರೆಗೆ ಏಳು ಗುಂಪು, ಒಟ್ಟು 15 ವರ್ಷಪೂರ್ತಿ ಕೋರ್ಸು, ಅದರಲ್ಲಿ 11 ಹನ್ನೆರಡನೇ ಕ್ಲಾಸಿಗೆ ಮೊದಲೇ ಮುಗಿದಿರಬೇಕು. ಇದರಲ್ಲಿ ಮೊದಲನೆಯ ಗುಂಪು, ಎ, ಹಿಸ್ಟರಿಯೇ. ಒಂದು ವರ್ಷ ವರ್ಲ್ಡ್ ಹಿಸ್ಟರಿ, ಇನ್ನೊಂದು ವರ್ಷ ಯುಎಸ್ ಹಿಸ್ಟರಿ, ಅಥವಾ ಅರ್ಧ ವರ್ಷ ಯುಎಸ್ ಹಿಸ್ಟರಿ ಅರ್ಧ ವರ್ಷ ಗವರ್ನಮೆಂಟ್. ಎಕನಾಮಿಕ್ಸ್ ಎ ಗುಂಪಿಗೆ ಬರುವುದಿಲ್ಲ, ಕೊನೆಯ ಜಿ ಗುಂಪಿನಲ್ಲಿ ಐಚ್ಛಿಕ ವಿಷಯವಾಗಿ ಸೇರುತ್ತದೆ. ಸೈಕಾಲಜಿಯೂ ಅಷ್ಟೇ.

ಮೇಲ್ನೋಟಕ್ಕೆ ರಾಜ್ಯದ ಪಟ್ಟಿ ಮುಗಿಸಿದವರಿಗೆ ಇದು ತಾನಾಗಿಯೇ ಮುಗಿದಂತೆ ಕಾಣುತ್ತದೆ. ಬಹುಪಾಲು ಹೌದು. ಆದರೆ ಗ್ರೇಡಿನ ವಿಷಯದಲ್ಲಿ ಅಲ್ಲ. ಡಿಪ್ಲೊಮಾಗೆ ಡಿ ಬಂದರೂ ಪಾಸು, ಕ್ರೆಡಿಟ್ ಸಿಗುತ್ತದೆ. ಯುಸಿಗೆ ಸಿ ಅಥವಾ ಅದಕ್ಕಿಂತ ಮೇಲೆ ಬೇಕು. ಇದರಲ್ಲೂ ಒಂದು ಸೂಕ್ಷ್ಮ ಇದೆ. ಮ್ಯಾತ್ಸಿನಲ್ಲಿ ಮೊದಲ ಸೆಮಿಸ್ಟರಿನಲ್ಲಿ ಡಿ ಬಂದು, ಎರಡನೆಯದರಲ್ಲಿ ಅಥವಾ ಮುಂದಿನ ಮೇಲ್ಮಟ್ಟದ ಕೋರ್ಸಿನಲ್ಲಿ ಸಿ ಬಂದರೆ, ಹಿಂದಿನ ಡಿ ಸರಿಹೋಯಿತು ಅಂತ ಯುಸಿ ಒಪ್ಪುತ್ತದೆ. ವಿದೇಶಿ ಭಾಷೆಗೂ ಹಾಗೇ. ಹಿಸ್ಟರಿಗೆ ಈ ರಿಯಾಯಿತಿ ಇಲ್ಲ. ಹತ್ತನೇ ಕ್ಲಾಸಿನ ವರ್ಲ್ಡ್ ಹಿಸ್ಟರಿಯ ಒಂದು ಸೆಮಿಸ್ಟರಿನಲ್ಲಿ ಡಿ ಬಂದರೆ ಆ ಸೆಮಿಸ್ಟರನ್ನೇ ಮತ್ತೆ ಮಾಡಬೇಕು. ಮ್ಯಾತ್ಸಿನ ಡಿ ಕಂಡರೆ ಹೌಹಾರಿ ಟ್ಯೂಷನ್ ಹುಡುಕುವ ನಾವು, ಹಿಸ್ಟರಿಯ ಡಿ ಕಂಡರೆ "ಮುಂದಿನ ಸಲ ನೋಡ್ಕೋ" ಅಂದು ಬಿಡುತ್ತೇವೆ. ನಿಜವಾಗಿ ನೋಡಿದರೆ ಸರಿಪಡಿಸುವುದು ಕಷ್ಟವಾಗಿರುವುದು ಹಿಸ್ಟರಿಯದೇ.

ಹಾಗೆಯೇ ಏಳು ಎಂಟನೇ ಕ್ಲಾಸಿನಲ್ಲಿ ಮಾಡಿದ ಆಲ್ಜಿಬ್ರಾ, ಸ್ಪ್ಯಾನಿಷ್ ಯುಸಿ ಲೆಕ್ಕಕ್ಕೆ ಬರಬಹುದು, ಆ ಕ್ಲಾಸುಗಳಲ್ಲಿ ಮಾಡಿದ ಹಿಸ್ಟರಿ ಬರುವುದಿಲ್ಲ.

ಇದರ ಇನ್ನೊಂದು ಮುಖವೂ ಇದೆ. ಎಪಿ (ಅಡ್ವಾನ್ಸ್‌ಡ್ ಪ್ಲೇಸ್‌ಮೆಂಟ್) ಅಂದರೆ ಹೈಸ್ಕೂಲಿನಲ್ಲೇ ಮಾಡುವ ಕಾಲೇಜು ಮಟ್ಟದ ಕೋರ್ಸು, ಅದರ ಪರೀಕ್ಷೆಗೆ 1ರಿಂದ 5ರವರೆಗೆ ಅಂಕ. ಎಪಿ ಯುಎಸ್ ಹಿಸ್ಟರಿ ಪರೀಕ್ಷೆಯನ್ನು ಮನೆಯಲ್ಲೇ ಓದಿ ಬರೆದು 3 ಅಥವಾ ಜಾಸ್ತಿ ತೆಗೆದರೆ, ಯುಸಿ ಎ ಗುಂಪಿಗೆ ಅದನ್ನು ಒಪ್ಪುತ್ತದೆ. ಆದರೆ ಡಿಪ್ಲೊಮಾಗೆ ಬೇಕಾದ್ದು ಕೋರ್ಸಿನ ಕ್ರೆಡಿಟ್, ಬರೀ ಪರೀಕ್ಷೆಯ ಅಂಕ ಅಲ್ಲ. ಹಾಗೇ ಎಪಿ ಕ್ಲಾಸಿನಲ್ಲಿ ಬಿ ಬಂದು ಮೇ ತಿಂಗಳ ಎಪಿ ಪರೀಕ್ಷೆಯಲ್ಲಿ 1 ಬಂದರೂ ಡಿಪ್ಲೊಮಾಗೆ ಏನೂ ತೊಂದರೆ ಇಲ್ಲ. ಎರಡನ್ನೂ ಬೇರೆ ಬೇರೆ ಇಟ್ಟು ನೋಡಿ.

ಈಗ ಗೆಳತಿಯ ಮಗನ ಕಥೆಗೆ ಬರೋಣ. ಅವನಿಗೆ ಇದ್ದದ್ದು ಎರಡೇ ವರ್ಷ. ಬೇಕಿದ್ದದ್ದು ವರ್ಲ್ಡ್ ಒಂದು ವರ್ಷ, ಯುಎಸ್ ಒಂದು ವರ್ಷ, ಗವರ್ನಮೆಂಟ್ ಅರ್ಧ, ಎಕನಾಮಿಕ್ಸ್ ಅರ್ಧ. ಮೂರು ವರ್ಷದ್ದು ಎರಡರಲ್ಲಿ. ಹನ್ನೊಂದರಲ್ಲಿ ವರ್ಲ್ಡ್ ಮತ್ತು ಯುಎಸ್ ಒಟ್ಟಿಗೆ ಮಾಡಿದರೆ ವಾರಕ್ಕೆ ನೂರಾರು ಪುಟ ಓದಬೇಕು, ಇಂಗ್ಲಿಷ್ ಕ್ಲಾಸಿನ ಓದು ಬೇರೆ. ಹನ್ನೆರಡಕ್ಕೆ ತಳ್ಳಿದರೆ ಕಾಲೇಜು ಅರ್ಜಿಯ ಸಮಯಕ್ಕೆ ಅದು ಬಂದು ಕೂರುತ್ತದೆ.

ಸಮಸ್ಯೆ ಇದ್ದದ್ದು ಅವನ ಮಾರ್ಕ್ಸ್ ಕಾರ್ಡಿನಲ್ಲಿ. ಸಿಬಿಎಸ್‌ಇ ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡ್ ತೆಗೆದು ನೋಡಿ. "087 ಸೋಶಿಯಲ್ ಸೈನ್ಸ್" ಅಂತ ಒಂದು ಸಾಲು, ಅದರ ಮುಂದೆ ಒಂದು ಅಂಕಿ. ಅಷ್ಟೇ. ಇಲ್ಲಿನ ಕೌನ್ಸೆಲರ್‌ಗೆ ಅದರಿಂದ ಏನು ತಿಳಿಯಬೇಕು? ವರ್ಲ್ಡ್ ಹಿಸ್ಟರಿ ಅನ್ನುವ ಪದವೇ ಅದರಲ್ಲಿಲ್ಲ. ಅವರು ಆಗುವುದಿಲ್ಲ ಅಂದದ್ದರಲ್ಲಿ ಅವರ ತಪ್ಪೇನೂ ಇರಲಿಲ್ಲ.

ಆದರೆ ಆ ಹುಡುಗ ಒಂಬತ್ತರಲ್ಲಿ ಫ್ರೆಂಚ್ ಕ್ರಾಂತಿ, ರಷ್ಯನ್ ಕ್ರಾಂತಿ, ಹಿಟ್ಲರ್ ಮೇಲೆ ಬಂದ ರೀತಿ ಎಲ್ಲ ಓದಿದ್ದ. ಹತ್ತರಲ್ಲಿ ಯುರೋಪಿನ ರಾಷ್ಟ್ರೀಯತೆ, ಕೈಗಾರಿಕೀಕರಣ. ಇಲ್ಲಿ ಹತ್ತನೇ ಕ್ಲಾಸಿನ ವರ್ಲ್ಡ್ ಹಿಸ್ಟರಿಯಲ್ಲಿ ಇರುವುದೂ ಹೆಚ್ಚುಕಡಿಮೆ ಇದೇ. ಹಾಗಾಗಿ ನಾನು ಹೇಳಿದ್ದು ಇಷ್ಟು: ಎರಡೂ ವರ್ಷದ ಪಠ್ಯಕ್ರಮ ಇಳಿಸಿಕೋ. ಹಳೆಯ ಶಾಲೆಯ ಲೆಟರ್‌ಹೆಡ್ಡಿನಲ್ಲಿ ಪಾಠಗಳ ಪಟ್ಟಿ, ವಾರಕ್ಕೆ ಎಷ್ಟು ಪೀರಿಯಡ್ ಅಂತ ಬರೆಸಿ, ಸೀಲು ಹಾಕಿಸಿ ತರಿಸು. ಇಲ್ಲಿನ ಶಾಲೆಯ ವರ್ಲ್ಡ್ ಹಿಸ್ಟರಿ ಕೋರ್ಸಿನ ವಿವರದ ಪಕ್ಕದಲ್ಲಿ ಇಟ್ಟು, ಯಾವ ಪಾಠ ಯಾವುದಕ್ಕೆ ಹೊಂದುತ್ತದೆ ಅಂತ ಒಂದೇ ಹಾಳೆಯಲ್ಲಿ ಗೆರೆ ಎಳೆದು ತೋರಿಸು. ಬೇರೆ ದೇಶದ ಕ್ರೆಡಿಟ್ ಒಪ್ಪುವುದು ಬಿಡುವುದು ಡಿಸ್ಟ್ರಿಕ್ಟಿನ ತೀರ್ಮಾನ, ಅಲ್ಲಿ ಕೂತವರಿಗೆ ನಮ್ಮ ಪಠ್ಯ ಗೊತ್ತಿರುವುದಿಲ್ಲ, ಗೊತ್ತು ಮಾಡಿಸುವುದು ನಮ್ಮ ಕೆಲಸ.

ಅವಳು ಮಾಡಿದಳು. ಮೊದಲ ಸಲ ಹೋದಾಗ ಆಗಲ್ಲ ಅಂದರು. ಎರಡನೇ ಸಲ ಆ ಒಂದು ಹಾಳೆ ನೋಡಿ, ವರ್ಲ್ಡ್ ಹಿಸ್ಟರಿಯ ಒಂದು ಸೆಮಿಸ್ಟರಿಗೆ 5 ಕ್ರೆಡಿಟ್ ಕೊಟ್ಟರು. ಇನ್ನೊಂದು ಸೆಮಿಸ್ಟರ್ ಬೇಸಿಗೆ ಶಾಲೆಯಲ್ಲಿ. ಯುಎಸ್ ಹಿಸ್ಟರಿ ಹನ್ನೊಂದರಲ್ಲೇ ಇಟ್ಟುಕೊಂಡ. ಪೂರ್ತಿ ಸಿಗಲಿಲ್ಲ ಅಂತ ಅವಳಿಗೆ ಬೇಜಾರು, ನನಗೆ ಮಾತ್ರ ಆ ಅರ್ಧವೇ ದೊಡ್ಡದು ಅನ್ನಿಸಿತು. ಸ್ಟೇಟ್ ಬೋರ್ಡ್, ಐಸಿಎಸ್‌ಇ ಮಕ್ಕಳಿಗೂ ಇದೇ ದಾರಿ. ಭಾರತ ಬಿಡುವ ಮೊದಲೇ ಹಳೆಯ ಶಾಲೆಯಿಂದ ಆ ಕಾಗದ ತೆಗೆದಿಟ್ಟುಕೊಳ್ಳಿ. ಇಲ್ಲಿಂದ ಇಮೇಲಿನಲ್ಲಿ ಬೆನ್ನು ಹತ್ತುವುದು ಎಷ್ಟು ಕಷ್ಟ ಅಂತ ಅನುಭವಿಸಿದವರಿಗೇ ಗೊತ್ತು.

ಕಮ್ಯುನಿಟಿ ಕಾಲೇಜು, ಅಂದರೆ ಊರಿನ ಎರಡು ವರ್ಷದ ಸರ್ಕಾರಿ ಕಾಲೇಜು, ಇನ್ನೊಂದು ದಾರಿ. ಹೈಸ್ಕೂಲ್ ಮಕ್ಕಳು ಅಲ್ಲಿ ಕ್ಲಾಸ್ ಮಾಡಬಹುದು, ಅದಕ್ಕೆ ಡ್ಯುಯಲ್ ಎನ್‌ರೋಲ್‌ಮೆಂಟ್ ಅಂತಾರೆ. ಯುಸಿಗೆ ವರ್ಗಾಯಿಸಬಹುದಾದ 3 ಯುನಿಟ್ಟಿನ ಒಂದು ಸೆಮಿಸ್ಟರ್ ಕಾಲೇಜು ಕೋರ್ಸನ್ನು ಯುಸಿ ಹೈಸ್ಕೂಲಿನ ಒಂದು ಪೂರ್ತಿ ವರ್ಷಕ್ಕೆ ಸಮ ಅಂತ ಲೆಕ್ಕ ಹಾಕುತ್ತದೆ. ನಿಮ್ಮ ಡಿಸ್ಟ್ರಿಕ್ಟ್ ಅದಕ್ಕೆ ಎಷ್ಟು ಕ್ರೆಡಿಟ್ ಕೊಡುತ್ತದೆ, ಯಾವ ಕೋರ್ಸಿಗೆ ಬದಲಾಗಿ ಒಪ್ಪುತ್ತದೆ ಅನ್ನುವುದನ್ನು ಸೇರುವ ಮೊದಲೇ ಬರಹದಲ್ಲಿ ಪಡೆಯಿರಿ. ಬಾಯಿಮಾತಿನ "ಆಗುತ್ತೆ" ನಂಬಿ ಬೇಸಿಗೆಯಿಡೀ ಓದಿದ ಕೋರ್ಸು ಡಿಪ್ಲೊಮಾ ಲೆಕ್ಕಕ್ಕೆ ಬರದೇ ಹೋದದ್ದು ನಮ್ಮ ಮನೆಯಲ್ಲೇ ಆಗಿದೆ. ಮಗಳು ಅವತ್ತು ಅತ್ತಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಇನ್ನೊಂದು ವಿಷಯ, ಆ ಕಾಲೇಜು ಗ್ರೇಡು ಕಾಲೇಜು ಟ್ರಾನ್ಸ್‌ಕ್ರಿಪ್ಟಿನಲ್ಲಿ ಉಳಿದುಬಿಡುತ್ತದೆ. ತಮಾಷೆಗೆ ಸೇರಿಸಬೇಡಿ.

ಎಚ್1ಬಿ ಅನ್ನುವ ಕೆಲಸದ ವೀಸಾದಲ್ಲಿರುವ ಮನೆಗಳಿಗೆ ಬೇರೆಯದೇ ಕಷ್ಟ ಇದೆ. ಪ್ರಾಜೆಕ್ಟ್ ಮುಗಿಯಿತು, ಇನ್ನೊಂದು ರಾಜ್ಯಕ್ಕೆ ಹೊರಟರು. ಮ್ಯಾತ್ಸ್ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಕ್ರಮ. ಸೋಶಿಯಲ್ ಹಾಗಲ್ಲ, ಅದು ರಾಜ್ಯಕ್ಕೊಂದು ಥರ.

ಮೊದಲು ಕ್ರೆಡಿಟ್ ಅಂಕಿಗೆ ಹೆದರಬೇಡಿ. ಕ್ಯಾಲಿಫೋರ್ನಿಯಾದ 10, ನ್ಯೂಜೆರ್ಸಿಯ 5, ಟೆಕ್ಸಸ್‌ನ 1, ಮೂರೂ ಒಂದೇ: ಒಂದು ವರ್ಷದ ಕೋರ್ಸು. 1906ರಲ್ಲಿ ಬಂದ ಕಾರ್ನೆಗಿ ಯುನಿಟ್ ಅನ್ನುವ ಅಳತೆ ಇದರ ಮೂಲ. ವರ್ಷಕ್ಕೆ ಸುಮಾರು 120 ಗಂಟೆ ಪಾಠ ಆದರೆ ಒಂದು ಯುನಿಟ್. ಬೇರೆ ಬೇರೆ ಸೇರಿನಲ್ಲಿ ಅಳೆದ ಒಂದೇ ಅಕ್ಕಿ ಅಂತ ಇಟ್ಟುಕೊಳ್ಳಿ.

ಆದರೆ ಯಾವ ಅಕ್ಕಿ ಅನ್ನುವುದು ಬೇರೆ ಆಗುತ್ತದೆ. ನ್ಯೂಜೆರ್ಸಿಯಲ್ಲಿ ಡಿಪ್ಲೊಮಾಗೆ 120 ಕ್ರೆಡಿಟ್, ಅದರಲ್ಲಿ ಸೋಶಿಯಲ್‌ಗೆ 15. ಅಲ್ಲಿ ಯುಎಸ್ ಹಿಸ್ಟರಿಯೇ ಎರಡು ವರ್ಷ, ವರ್ಲ್ಡ್ ಒಂದು ವರ್ಷ. ಹಣಕಾಸಿನ ತಿಳಿವಳಿಕೆಗೆ ಬೇರೆ 2.5 ಕ್ರೆಡಿಟ್. ಈಗ ಒಂದು ಹುಡುಗಿ ಕ್ಯಾಲಿಫೋರ್ನಿಯಾದಲ್ಲಿ ಒಂಬತ್ತರಲ್ಲಿ ಜಿಯಾಗ್ರಫಿ, ಹತ್ತರಲ್ಲಿ ವರ್ಲ್ಡ್ ಮಾಡಿ, ಹನ್ನೊಂದಕ್ಕೆ ನ್ಯೂಜೆರ್ಸಿಯ ಎಡಿಸನ್ ಕಡೆ ಹೋದಳು ಅನ್ನಿ. ಅವಳಿಗೆ ಉಳಿದ ಎರಡು ವರ್ಷವೂ ಯುಎಸ್ ಹಿಸ್ಟರಿ. ಒಂದು ವರ್ಷವೂ ಬಿಡುವ ಹಾಗಿಲ್ಲ. ಅದೇ ನ್ಯೂಜೆರ್ಸಿಯಲ್ಲಿ ಒಂಬತ್ತರಲ್ಲಿ ವರ್ಲ್ಡ್, ಹತ್ತರಲ್ಲಿ ಯುಎಸ್ ಹಿಸ್ಟರಿ ಮೊದಲ ಭಾಗ ಮಾಡಿ ಇತ್ತ ಬಂದವನಿಗೆ ತಲೆನೋವು ಬೇರೆ. ಕ್ಯಾಲಿಫೋರ್ನಿಯಾದ ಹನ್ನೊಂದನೇ ಕ್ಲಾಸು ಒತ್ತು ಕೊಡುವುದು 20ನೇ ಶತಮಾನಕ್ಕೆ, ಅವನು ಓದಿರುವುದು ಅದಕ್ಕಿಂತ ಹಿಂದಿನದು. ಮೊದಲ ಭಾಗಕ್ಕೇ ಇಲ್ಲಿ ಯುಎಸ್ ಹಿಸ್ಟರಿ ಕ್ರೆಡಿಟ್ ಕೊಟ್ಟರೂ, ನಾನಾದರೆ ಹನ್ನೊಂದರಲ್ಲಿ ಎರಡನೇ ಭಾಗವನ್ನೂ ಓದಿಸುತ್ತೇನೆ. ಅರ್ಧ ಕಥೆ ಕೇಳಿ ಎದ್ದು ಹೋಗಬಾರದು.

ಟೆಕ್ಸಸ್‌ನಲ್ಲಿ 2025-26ರ ತನಕ ಒಂಬತ್ತಕ್ಕೆ ಸೇರಿದವರಿಗೆ 22 ಕ್ರೆಡಿಟ್‌ನಲ್ಲಿ 3 ಸೋಶಿಯಲ್: ಯುಎಸ್ ಹಿಸ್ಟರಿ 1, ಗವರ್ನಮೆಂಟ್ ಅರ್ಧ, ಎಕನಾಮಿಕ್ಸ್ ಅರ್ಧ, ಉಳಿದ 1 ವರ್ಲ್ಡ್ ಹಿಸ್ಟರಿ ಅಥವಾ ವರ್ಲ್ಡ್ ಜಿಯಾಗ್ರಫಿ. ಈ "ಅಥವಾ" ಮೇಲೆ ಕಣ್ಣಿರಲಿ. ಅಲ್ಲಿ ಜಿಯಾಗ್ರಫಿ ಮಾಡಿ ಇಲ್ಲಿಗೆ ಬಂದರೆ ವರ್ಲ್ಡ್ ಹಿಸ್ಟರಿ ಬಾಕಿ ಅಂತಲೇ ಲೆಕ್ಕ. ಮುಂದೆ ಕ್ಯಾಲಿಫೋರ್ನಿಯಾಕ್ಕೆ ಬರುವ ಸಾಧ್ಯತೆ ಇದ್ದರೆ ಡ್ಯಾಲಸ್, ಆಸ್ಟಿನ್ ಮನೆಗಳವರು ವರ್ಲ್ಡ್ ಹಿಸ್ಟರಿಯನ್ನೇ ಆರಿಸುವುದು ಕ್ಷೇಮ. ನ್ಯೂಯಾರ್ಕಿನಲ್ಲಿ 4 ಕ್ರೆಡಿಟ್ ಬೇಕು, ನಾಲ್ಕೂ ವರ್ಷ. ಅದರಲ್ಲಿ ಗ್ಲೋಬಲ್ ಹಿಸ್ಟರಿಯೇ ಎರಡು ವರ್ಷ, ಜೊತೆಗೆ ರೀಜೆಂಟ್ಸ್ ಅನ್ನುವ ರಾಜ್ಯದ ಪರೀಕ್ಷೆ. ಇಲಿನಾಯ್‌ನಲ್ಲಿ ಎರಡೇ ವರ್ಷ ಸಾಕು, ಆದರೆ ಒಂದು ಸೆಮಿಸ್ಟರ್ ಸಿವಿಕ್ಸ್ ಇರಲೇಬೇಕು. ಕಡಿಮೆ ಕೇಳುವ ರಾಜ್ಯದಿಂದ ಜಾಸ್ತಿ ಕೇಳುವ ರಾಜ್ಯಕ್ಕೆ ಹೋಗುವವರೇ ಸಿಕ್ಕಿಹಾಕಿಕೊಳ್ಳುವುದು.

ಸಿಯಾಟಲ್ ಕಡೆಯವರಿಗೆ ಒಂದು ಮಾತು. ವಾಷಿಂಗ್ಟನ್ ರಾಜ್ಯ 3 ಕ್ರೆಡಿಟ್ ಅಲ್ಲದೆ ತನ್ನದೇ ರಾಜ್ಯದ ಇತಿಹಾಸವನ್ನೂ ಕೇಳುತ್ತದೆ. ಇದನ್ನು ಹೆಚ್ಚಾಗಿ ಏಳು ಎಂಟನೇ ಕ್ಲಾಸಿನಲ್ಲೇ ಮಾಡಿಸುತ್ತಾರೆ. ಕ್ರೆಡಿಟ್ ಇರುವುದಿಲ್ಲ, ಆದರೆ ಡಿಪ್ಲೊಮಾಗೆ ಬೇಕು. ಹೈಸ್ಕೂಲ್ ನಡುವೆ ಬಂದ ಮಗುವಿಗೆ ಇದರ ಸುದ್ದಿಯೇ ಇರುವುದಿಲ್ಲ. ಬೇರೆ ರಾಜ್ಯದಲ್ಲಿ ಅಂಥದ್ದೇ ರಾಜ್ಯ ಇತಿಹಾಸ ಓದಿದ್ದರೆ ವಿನಾಯಿತಿ ಉಂಟು. ಕೇಳಿ ಪಡೆಯಬೇಕು.

ಸರಿ, ಎಪಿ. ನಮ್ಮವರ ಮನೆಗಳಲ್ಲಿ ಸೋಶಿಯಲ್ ಬಗ್ಗೆ ಮಾತು ಶುರುವಾಗುವುದೇ ಇಲ್ಲಿಂದ: "ಎಪಿ ತಗೋಬೇಕಾ ಬೇಡ್ವಾ?" ಡಿಪ್ಲೊಮಾಗೆ ಎಪಿ ಬೇಡವೇ ಬೇಡ. ಸಾಮಾನ್ಯ ವರ್ಲ್ಡ್ ಹಿಸ್ಟರಿಗೂ ಎಪಿ ವರ್ಲ್ಡ್‌ಗೂ ಅದೇ 10 ಕ್ರೆಡಿಟ್. ವ್ಯತ್ಯಾಸ ಆಗುವುದು ಕಾಲೇಜು ಅರ್ಜಿಗೆ, ಗ್ರೇಡುಗಳ ಸರಾಸರಿಯಾದ ಜಿಪಿಎಗೆ. ಯುಸಿ ಎಪಿ ಕೋರ್ಸಿನ ಗ್ರೇಡಿಗೆ ಒಂದು ಪಾಯಿಂಟ್ ಹೆಚ್ಚು ಕೊಡುತ್ತದೆ, ಆದರೆ ಒಟ್ಟು 8 ಸೆಮಿಸ್ಟರಿಗೆ ಮಾತ್ರ. ಅದರಲ್ಲಿ ಹತ್ತನೇ ಕ್ಲಾಸಿನದು 4ಕ್ಕಿಂತ ಹೆಚ್ಚು ಎಣಿಸುವುದಿಲ್ಲ. ಮಕ್ಕಳ ಮೇಲೆ ಎಪಿ ಹೇರುವ ಮೊದಲು ಈ ಮಿತಿ ನೆನಪಿರಲಿ. ಸೈನ್ಸು, ಮ್ಯಾತ್ಸಿನಲ್ಲಿ ಆಗಲೇ ಅಷ್ಟು ಎಪಿ ಇದ್ದರೆ ಹಿಸ್ಟರಿಯ ಎಪಿಯಿಂದ ಯುಸಿ ಜಿಪಿಎ ಏರುವುದಿಲ್ಲ.

ಹಾಗಾದರೆ ಬೇಡವಾ? ಓದುವ ಹವ್ಯಾಸ ಇರುವ ಮಗುವಿಗೆ ಖಂಡಿತ ಬೇಕು ಅಂತೀನಿ. ಎಪಿ ವರ್ಲ್ಡ್ 1200ನೇ ಇಸವಿಯಿಂದ ಶುರುವಾಗುತ್ತದೆ. ಅದರ ಮೊದಲನೇ ಭಾಗದಲ್ಲೇ ದಕ್ಷಿಣ ಏಷ್ಯಾದ ರಾಜ್ಯಗಳಿಗೆ ಉದಾಹರಣೆಯಾಗಿ ವಿಜಯನಗರ ಬರುತ್ತದೆ, ಭಕ್ತಿ ಪಂಥ ಬರುತ್ತದೆ. ನನ್ನ ಮಗಳು ಹಂಪಿ ನೋಡಿದ್ದು ಎಂಟು ವರ್ಷದವಳಿದ್ದಾಗ, ಬಿಸಿಲು ಅಂತ ಅತ್ತದ್ದು ಬಿಟ್ಟರೆ ಏನೂ ನೆನಪಿರಲಿಲ್ಲ. ಹತ್ತನೇ ಕ್ಲಾಸಿನಲ್ಲಿ ಆ ಪುಟ ಬಂದಾಗ ಅಜ್ಜಿಗೆ ವಿಡಿಯೋ ಕಾಲ್ ಮಾಡಿ, "ಅಜ್ಜೀ, ನಾವು ಹೋಗಿದ್ವಲ್ಲ, ಅದು ನಮ್ಮ ಪುಸ್ತಕದಲ್ಲಿದೆ" ಅಂದಳು. ಅವತ್ತಿನ ಮಾತು ಒಂದು ಗಂಟೆ ನಡೆಯಿತು. ಅಜ್ಜಿ ಹೊಸಪೇಟೆಯವರು.

ಕಷ್ಟ ಇರುವುದು ಬರೆಯುವುದರಲ್ಲಿ. ಎಪಿ ವರ್ಲ್ಡ್, ಎಪಿ ಯುಎಸ್ ಎರಡರಲ್ಲೂ ಡಿಬಿಕ್ಯು ಅಂತ ಒಂದು ಪ್ರಶ್ನೆ ಇರುತ್ತದೆ. ಏಳು ದಾಖಲೆ ಮುಂದೆ ಇಡುತ್ತಾರೆ: ಒಂದು ಹಳೆಯ ಪತ್ರ, ಒಂದು ವ್ಯಂಗ್ಯಚಿತ್ರ, ಒಂದು ಭಾಷಣದ ತುಣುಕು, ಹೀಗೆ. 60 ನಿಮಿಷದಲ್ಲಿ ಅವನ್ನೆಲ್ಲ ಓದಿ, ಯಾರು ಯಾರಿಗಾಗಿ ಯಾಕೆ ಬರೆದರು ಅಂತ ಯೋಚಿಸಿ, ತನ್ನದೇ ಒಂದು ವಾದ ಕಟ್ಟಿ ಪ್ರಬಂಧ ಬರೆಯಬೇಕು. ನಾವು ಕಲಿತ "ಕಾರಣಗಳನ್ನು ಪಟ್ಟಿ ಮಾಡಿ, ಪರಿಣಾಮಗಳನ್ನು ತಿಳಿಸಿ" ಮಾದರಿ ಇಲ್ಲಿ ನಡೆಯುವುದಿಲ್ಲ. ಭಾರತದಿಂದ ನೇರ ಬಂದ ಜಾಣ ಮಕ್ಕಳು ಮೊದಲ ಡಿಬಿಕ್ಯುನಲ್ಲಿ ಕಡಿಮೆ ಅಂಕ ಕಂಡು ಕುಸಿದುಹೋಗುತ್ತಾರೆ. ಅದು ಜಾಣತನದ ಕೊರತೆ ಅಲ್ಲ, ಯಾರೂ ಹೇಳಿಕೊಡದ ಒಂದು ಕೌಶಲ. ಅಂಥ ಮಗುವಿಗೆ ಹನ್ನೊಂದರಲ್ಲಿ ಎಪಿ ಯುಎಸ್ ಬದಲು ಸಾಮಾನ್ಯ ಯುಎಸ್ ಹಿಸ್ಟರಿ ಇರಲಿ, ಹನ್ನೆರಡರಲ್ಲಿ ಬೇಕಿದ್ದರೆ ಎಪಿ ಗವರ್ನಮೆಂಟ್ ಮಾಡಲಿ. ಅಷ್ಟರಲ್ಲಿ ಬರವಣಿಗೆ ಕುದುರಿರುತ್ತದೆ.

ಕಂಪ್ಯೂಟರ್ ಸೈನ್ಸಿಗೆ ಜಾಗ ಮಾಡಲು ಯುಎಸ್ ಹಿಸ್ಟರಿಯನ್ನು ಆರು ವಾರದ ಬೇಸಿಗೆ ಕ್ಲಾಸಿನಲ್ಲಿ ತುರುಕುವುದನ್ನು ಈಚೆಗೆ ತುಂಬಾ ನೋಡುತ್ತಿದ್ದೇನೆ. ನನಗೆ ಇದು ಸರಿ ಕಾಣುವುದಿಲ್ಲ, ನೇರವಾಗಿಯೇ ಹೇಳುತ್ತೇನೆ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಅನ್ನುವ ಪಂಜಾಬಿಗೆ ಈ ದೇಶದ ಸುಪ್ರೀಂ ಕೋರ್ಟು ನೀನು ಬಿಳಿಯನಲ್ಲ, ನಿನಗೆ ಪೌರತ್ವ ಇಲ್ಲ ಅಂದಿತು. 1946ರಲ್ಲಿ ಭಾರತೀಯರಿಗೆ ಪೌರತ್ವದ ಹಕ್ಕು ಬಂದಾಗಲೂ ವರ್ಷಕ್ಕೆ 100 ಜನರಿಗೆ ಮಾತ್ರ ಪ್ರವೇಶ. 1965ರ ವಲಸೆ ಕಾನೂನು ಬಂದದ್ದರಿಂದ ನಾವು ಇಷ್ಟು ಜನ ಇಲ್ಲಿದ್ದೇವೆ. ಆ ಕಾನೂನಿನ ಹಿಂದೆ ಕರಿಯರ ನಾಗರಿಕ ಹಕ್ಕು ಚಳವಳಿ ಇದೆ. ನಮ್ಮ ಮಕ್ಕಳು ಇಲ್ಲೇ ಬಾಳುವವರು, ಮತ ಹಾಕುವವರು. ಇದನ್ನು ಆರು ವಾರದಲ್ಲಿ ಓಡಿಸಿಕೊಂಡು ಹೋಗಲಿ ಅನ್ನುವುದು ಹೇಗೆ? ಬೇಸಿಗೆಯಲ್ಲಿ ಏನಾದರೂ ಮುಗಿಸಲೇಬೇಕಿದ್ದರೆ ಎಕನಾಮಿಕ್ಸ್ ಮುಗಿಸಲಿ, ಅದು ಹೇಗೂ ಒಂದೇ ಸೆಮಿಸ್ಟರಿನದು.

ಹನ್ನೆರಡನೇ ಕ್ಲಾಸಿನ ಬಗ್ಗೆ ಒಂದು ಎಚ್ಚರಿಕೆ. ಗವರ್ನಮೆಂಟ್, ಎಕನಾಮಿಕ್ಸ್ ಎರಡರಲ್ಲಿ ಒಂದು ಕೊನೆಯ ಸೆಮಿಸ್ಟರಿಗೆ ಬೀಳುತ್ತದೆ. ಅಷ್ಟೊತ್ತಿಗೆ ಕಾಲೇಜು ಸೀಟು ಸಿಕ್ಕಿರುತ್ತದೆ, ಮಗುವಿನ ಮನಸ್ಸು ಶಾಲೆಯಿಂದ ಎದ್ದಿರುತ್ತದೆ. ಅದರಲ್ಲಿ ಎಫ್ ಬಂದರೆ ಆ 5 ಕ್ರೆಡಿಟ್‌ಗಾಗಿ ಜೂನಿನಲ್ಲಿ ಡಿಪ್ಲೊಮಾ ನಿಲ್ಲುತ್ತದೆ. ಕಾಲೇಜು ಕೊಟ್ಟ ಸೀಟೂ ಹನ್ನೆರಡನೇ ಕ್ಲಾಸಿನ ಗ್ರೇಡಿನ ಷರತ್ತಿನ ಮೇಲೇ ಇರುತ್ತದೆ. ಮಗುವಿಗೆ ಎರಡರಲ್ಲಿ ಯಾವುದು ಕಷ್ಟವೋ ಅದನ್ನು ಮೊದಲ ಸೆಮಿಸ್ಟರಿನಲ್ಲಿ ಕೇಳಿ ಹಾಕಿಸಿಕೊಳ್ಳಿ. ಎಲ್ಲ ಶಾಲೆಗಳೂ ಒಪ್ಪುವುದಿಲ್ಲ, ಕೇಳಿದರೆ ಎಷ್ಟೋ ಸಲ ಒಪ್ಪುತ್ತಾರೆ.

ಮುಂದಿನ ವರ್ಷದ ಕೋರ್ಸು ಆರಿಸುವ ಫಾರ್ಮು ಹೆಚ್ಚಿನ ಕಡೆ ಫೆಬ್ರವರಿ, ಮಾರ್ಚಿನಲ್ಲಿ ಬರುತ್ತದೆ. ಒಂದೇ ವಾರ ಟೈಮ್ ಕೊಡುತ್ತಾರೆ. ಅದಕ್ಕೆ ಕಾಯಬೇಡಿ. ಸಂಕ್ರಾಂತಿ ಹೊತ್ತಿಗೆ ಮಗುವಿನ ಟ್ರಾನ್ಸ್‌ಕ್ರಿಪ್ಟ್ ಇಳಿಸಿಕೊಂಡು ಊಟದ ಟೇಬಲ್ ಮೇಲೆ ಹರಡಿ ಕೂತುಕೊಳ್ಳಿ, ಮಗುವೂ ಪಕ್ಕದಲ್ಲಿರಲಿ, ಪೆನ್ನು ಅದರ ಕೈಯಲ್ಲಿರಲಿ. ಒಂದು ಹಾಳೆಯಲ್ಲಿ ಒಂಬತ್ತರಿಂದ ಹನ್ನೆರಡರವರೆಗೆ ನಾಲ್ಕು ಅಡ್ಡ ಸಾಲು, ಪಕ್ಕದಲ್ಲಿ ರಾಜ್ಯ, ಡಿಸ್ಟ್ರಿಕ್ಟ್, ಕಾಲೇಜು ಅಂತ ಮೂರು ಉದ್ದ ಸಾಲು. ಮುಗಿದ ಕೋರ್ಸಿಗೆ ಮೂರೂ ಕಡೆ ಟಿಕ್ ಬರುತ್ತಾ ನೋಡಿ. ಒಂದು ಕಡೆ ಬರದಿದ್ದರೆ ಅದೇ ಕೌನ್ಸೆಲರ್‌ಗೆ ಕೇಳಬೇಕಾದ ಪ್ರಶ್ನೆ. ಯುಸಿಯ ಎ-ಜಿ ಕೋರ್ಸ್ ಪಟ್ಟಿ ಆನ್‌ಲೈನಿನಲ್ಲಿ ಎಲ್ಲರಿಗೂ ತೆರೆದಿದೆ. ಶಾಲೆಯ ಹೆಸರು ಹಾಕಿದರೆ ಯಾವ ಕೋರ್ಸು ಯಾವ ಗುಂಪಿಗೆ ಅಂತ ಬರುತ್ತದೆ. ಹೆಸರಿನಲ್ಲಿ ಹಿಸ್ಟರಿ ಅಂತ ಇದೆ ಅಂದ ಮಾತ್ರಕ್ಕೆ ಎ ಗುಂಪು ಅಂದುಕೊಳ್ಳಬೇಡಿ, ಪಟ್ಟಿಯಲ್ಲಿ ನೋಡಿ.

ಕೌನ್ಸೆಲರ್ ಹತ್ತಿರ ಹೋಗುವಾಗ ಜಗಳದ ಧ್ವನಿ ಬೇಡ. ಒಬ್ಬರ ಕೈಯಲ್ಲಿ ನೂರಾರು ಮಕ್ಕಳಿರುತ್ತಾರೆ. ನೀವು ಹಾಳೆ ತುಂಬಿಸಿಕೊಂಡು ಹೋದರೆ ಅವರ ಕೆಲಸ ಅರ್ಧ ಆದ ಹಾಗೆ. ಮಾತಾಡಿ ಬಂದ ಮೇಲೆ ಅದೇ ದಿನ ಒಂದು ಇಮೇಲ್ ಹಾಕಿ: "ಇವತ್ತು ಇಂತಿಂಥದ್ದು ಹೇಳಿದಿರಿ, ನಾನು ತಿಳಿದುಕೊಂಡದ್ದು ಸರಿಯಾ?" ಅಂತ. ಅವರ "ಹೌದು" ಅನ್ನುವ ಉತ್ತರವನ್ನು ಜೋಪಾನವಾಗಿ ಇಡಿ. ವರ್ಷದ ನಡುವೆ ಕೌನ್ಸೆಲರ್ ಬದಲಾದಾಗ ಕೈಯಲ್ಲಿ ಉಳಿಯುವುದು ಅದೊಂದೇ.

ಗೆಳತಿಯ ಮಗ ಈಗ ಯುಎಸ್ ಹಿಸ್ಟರಿಯಲ್ಲಿ ಬಿ ಪ್ಲಸ್‌ನಲ್ಲಿದ್ದಾನೆ. ವರ್ಲ್ಡ್ ಹಿಸ್ಟರಿಯ ಉಳಿದ ಸೆಮಿಸ್ಟರಿಗೆ ಬೇಸಿಗೆ ಶಾಲೆಯ ಅರ್ಜಿ ಹಾಕಿದ್ದಾಗಿದೆ. ಹನ್ನೆರಡರಲ್ಲಿ ಗವರ್ನಮೆಂಟ್ ಮೊದಲ ಸೆಮಿಸ್ಟರಿಗೆ ಬೇಕು ಅಂತ ಇಮೇಲ್ ಹೋಗಿದೆ, ಉತ್ತರ ಇನ್ನೂ ಬಂದಿಲ್ಲ.